ನೀವೇ ತುಂಬಿದ ಐಟಿ ರಿಟರ್ನ್‌ನಲ್ಲಿ ತಪ್ಪಾದರೆ ಎಷ್ಟು ದಂಡ ಬೀಳುತ್ತದೆ?

2025ರ ನವೆಂಬರ್‌ನಲ್ಲಿ ಒಂದು ರಾತ್ರಿ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಮಾತು ತಡವರಿಸುತ್ತಿತ್ತು. “ಇನ್‌ಕಮ್ ಟ್ಯಾಕ್ಸ್‌ನಿಂದ ಮೆಸೇಜ್ ಬಂದಿದೆ. ನಾನು ಕೊಟ್ಟ ಲೆಕ್ಕ ಅವರ ಹತ್ರ ಇರೋ ಲೆಕ್ಕಕ್ಕೆ ತಾಳೆ ಆಗ್ತಿಲ್ವಂತೆ. ನೆಟ್‌ನಲ್ಲಿ ನೋಡಿದ್ರೆ ಇನ್ನೂರು ಪರ್ಸೆಂಟ್ ದಂಡ, ಜೈಲು ಅಂತೆಲ್ಲ ಇದೆ. ಈಗೇನ್ ಮಾಡ್ಲಿ?”

ಅವನು ಏನನ್ನೂ ಮುಚ್ಚಿಟ್ಟವನಲ್ಲ. ವರ್ಷದ ನಡುವೆ ಕೆಲಸ ಬದಲಾಯಿಸಿದ್ದ, ಅಷ್ಟೇ. ಮೊದಲ ಆರು ತಿಂಗಳು ಒಂದು ಕಂಪನಿ, ತಿಂಗಳಿಗೆ 90 ಸಾವಿರ. ಮುಂದಿನ ಆರು ತಿಂಗಳು ಇನ್ನೊಂದು ಕಂಪನಿ, ತಿಂಗಳಿಗೆ 1.10 ಲಕ್ಷ. ಹಳೇ ಕಂಪನಿಯ ಫಾರಂ 16 (ಎಷ್ಟು ಸಂಬಳ ಕೊಟ್ಟರು, ಎಷ್ಟು ತೆರಿಗೆ ಹಿಡಿದರು ಅಂತ ಹೇಳುವ ಕಾಗದ) ಹೋಗಿದ್ದು ಅವನ ಹಳೇ ಆಫೀಸ್ ಇಮೇಲ್‌ಗೆ. ಆ ಇಮೇಲ್ ಅವನು ಕೆಲಸ ಬಿಟ್ಟ ದಿನವೇ ಬಂದ್ ಆಗಿತ್ತು. ಕೈಗೆ ಸಿಕ್ಕಿದ್ದು ಹೊಸ ಕಂಪನಿಯ ಫಾರಂ ಮಾತ್ರ. ಅದನ್ನೇ ಒಂದು ಆ್ಯಪ್‌ಗೆ ಹಾಕಿದ, ಅದು ತೋರಿಸಿದ ಲೆಕ್ಕಕ್ಕೆ ಒಪ್ಪಿಗೆ ಒತ್ತಿದ. ‘ತೆರಿಗೆ ಸೊನ್ನೆ’ ಅಂತ ಬಂತು. ಖುಷಿಯಾಗಿ ಮಲಗಿದ.

ಇಂಥ ತಪ್ಪು ಯಾರಿಗೆ ಬೇಕಾದರೂ ಆಗುತ್ತದೆ. ಹಾಗಾಗಿ ಅವನ ಲೆಕ್ಕವನ್ನೇ ಇಟ್ಟುಕೊಂಡು ಈ ಇಡೀ ವಿಷಯ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಸ್ವಂತ ರಿಟರ್ನ್ ತುಂಬುವವರನ್ನು ತಪ್ಪಿಗಿಂತ ಜಾಸ್ತಿ ಕಾಡುವುದು ಭಯ. ಭಯಕ್ಕೆ ಬಿದ್ದವರು ಮೆಸೇಜ್ ನೋಡಿ ಸುಮ್ನಿದ್ದುಬಿಡುತ್ತಾರೆ. ಸಣ್ಣ ಖರ್ಚಿನಲ್ಲಿ ಮುಗಿಯಬೇಕಾದದ್ದು ದೊಡ್ಡದಾಗುವುದು ಆ ಸುಮ್ನಿರುವ ತಿಂಗಳುಗಳಲ್ಲೇ.

ಮೊದಲು ಅವನ ನಿಜವಾದ ತೆರಿಗೆ ಎಷ್ಟು ನೋಡೋಣ. 2024-25ರ ಸಂಬಳ ಒಟ್ಟು 12 ಲಕ್ಷ. ಹೊಸ ಪದ್ಧತಿಯಲ್ಲಿ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ) ಕಳೆದರೆ 11.25 ಲಕ್ಷ. ಆ ವರ್ಷದ ದರದಲ್ಲಿ ಅದಕ್ಕೆ ತೆರಿಗೆ 68,750 ರೂಪಾಯಿ, ಸೆಸ್ ಸೇರಿ 71,500. ಹಳೇ ಕಂಪನಿ ಅವನು ಇಡೀ ವರ್ಷ ಅಲ್ಲೇ ಇರುತ್ತಾನೆ ಅಂದುಕೊಂಡು ತಿಂಗಳಿಗಿಷ್ಟು ಅಂತ ಹಿಡಿದು, ಆರು ತಿಂಗಳಲ್ಲಿ 26,390 ರೂಪಾಯಿ ಟಿಡಿಎಸ್ (ಸಂಬಳದಲ್ಲೇ ಹಿಡಿದು ಕಟ್ಟುವ ತೆರಿಗೆ) ಕಟ್ಟಿತ್ತು. ಹೊಸ ಕಂಪನಿಗೆ ಹಿಂದಿನ ಸಂಬಳದ ವಿಷಯವೇ ಗೊತ್ತಿರಲಿಲ್ಲ. ಅದರ ಲೆಕ್ಕದಲ್ಲಿ ಇವನ ವರ್ಷದ ಸಂಬಳ 6.60 ಲಕ್ಷ ಮಾತ್ರ. ಆದಾಯ ಕಡಿಮೆ ಇದ್ದವರಿಗೆ ಸಿಗುವ ತೆರಿಗೆ ರಿಯಾಯಿತಿ (ರಿಬೇಟ್) ಸಿಕ್ಕಿ ತೆರಿಗೆ ಸೊನ್ನೆ. ಹಾಗಾಗಿ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡು ಕಡೆಯೂ ಸಿಕ್ಕಿತು, ತೆರಿಗೆ ಇಲ್ಲದ ಮೊದಲ 3 ಲಕ್ಷವೂ ಎರಡು ಕಡೆ ಸಿಕ್ಕಿತು. ಬಾಕಿ ಉಳಿದದ್ದು 45,110 ರೂಪಾಯಿ.

ಕೆಲಸ ಬದಲಾಯಿಸುವವರು ಫಾರಂ 12ಬಿ ತುಂಬಿ ಹಳೇ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬಹುದು. ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸೇರುವ ದಿನ ಸಹಿ ಹಾಕಿಸಿಕೊಳ್ಳುವ ಹತ್ತಿಪ್ಪತ್ತು ಕಾಗದಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಡ್ಡಿ ಬೇರೆ, ಲೇಟ್ ಫೀ ಬೇರೆ, ದಂಡ ಬೇರೆ

ಜನ ಎಲ್ಲವನ್ನೂ ಸೇರಿಸಿ ‘ಫೈನ್’ ಅಂದುಬಿಡುತ್ತಾರೆ. ಕಾಯ್ದೆಯಲ್ಲಿ ಇವು ಮೂರೂ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಬಡ್ಡಿ ಅಂದರೆ ಸರ್ಕಾರಕ್ಕೆ ಸೇರಬೇಕಿದ್ದ ದುಡ್ಡು ನಿಮ್ಮ ಹತ್ತಿರ ಇದ್ದದ್ದಕ್ಕೆ ಬಾಡಿಗೆ. ಇದಕ್ಕೂ ನಿಮ್ಮ ಉದ್ದೇಶಕ್ಕೂ ಸಂಬಂಧ ಇಲ್ಲ. ಗೊತ್ತಿದ್ದು ಕಟ್ಟದಿದ್ದರೂ, ಗೊತ್ತಿಲ್ಲದೆ ಕಟ್ಟದಿದ್ದರೂ ಅದೇ ದರ, ತಿಂಗಳಿಗೆ ಶೇ 1. ತಿಂಗಳಲ್ಲಿ ಒಂದೇ ದಿನ ದಾಟಿದರೂ ಪೂರ್ತಿ ತಿಂಗಳು ಅಂತ ಲೆಕ್ಕ. ರಿಟರ್ನ್ ತಡವಾದರೆ ಸೆಕ್ಷನ್ 234ಎ. ವರ್ಷದ ನಡುವೆಯೇ ಕಂತಿನಲ್ಲಿ ಕಟ್ಟಬೇಕಾದ ಮುಂಗಡ ತೆರಿಗೆ ಕಡಿಮೆಯಾದರೆ 234ಬಿ. ಆ ಕಂತುಗಳನ್ನು ತಪ್ಪಿಸಿದರೆ 234ಸಿ. ಟಿಡಿಎಸ್ ಕಳೆದ ಮೇಲೆ ಬಾಕಿ ತೆರಿಗೆ 10 ಸಾವಿರಕ್ಕಿಂತ ಕಡಿಮೆ ಇದ್ದರೆ ಮುಂಗಡ ತೆರಿಗೆಯ ಮಾತೇ ಬರುವುದಿಲ್ಲ.

ಇಲ್ಲಿ ಹಿರಿಯರಿಗೆ ಒಂದು ಸಮಾಧಾನ ಇದೆ. 60 ದಾಟಿದ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದ ನಮ್ಮಲ್ಲಿನ ನಿವಾಸಿಗಳು ಮುಂಗಡ ತೆರಿಗೆ ಕಟ್ಟಬೇಕಿಲ್ಲ. ಪೆನ್ಷನ್ ಮತ್ತು ಎಫ್‌ಡಿ ಬಡ್ಡಿಯಲ್ಲಿ ಬದುಕುವ ಅಪ್ಪನೋ ಅಮ್ಮನೋ ಗಡುವಿನೊಳಗೆ ರಿಟರ್ನ್ ಸಲ್ಲಿಸಿ, ಒಂದು ಎಫ್‌ಡಿ ಬಡ್ಡಿ ಮರೆತು, ಆಮೇಲೆ ತಾವಾಗಿ ತಿದ್ದಿಕೊಂಡರೆ ಸಾಮಾನ್ಯವಾಗಿ ಈ ಬಡ್ಡಿ ಕೂಡ ಬೀಳುವುದಿಲ್ಲ. ಮರೆತ ತೆರಿಗೆ ಕಟ್ಟಿದರೆ ಮುಗಿಯಿತು.

ಲೇಟ್ ಫೀ ಇನ್ನೂ ಸರಳ. ಗಡುವು ದಾಟಿ ರಿಟರ್ನ್ ಹಾಕಿದರೆ ಸೆಕ್ಷನ್ 234ಎಫ್ ಪ್ರಕಾರ 5,000 ರೂಪಾಯಿ. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಗಡುವಿನೊಳಗೆ ಹಾಕಿದ ರಿಟರ್ನ್‌ನಲ್ಲಿ ತಪ್ಪಿದ್ದರೆ ಈ ಫೀ ಇಲ್ಲ. ಒಂದೇ ಎಚ್ಚರ: ರಿಟರ್ನ್ ಕಳಿಸಿ ಇ-ವೆರಿಫೈ ಮಾಡುವುದನ್ನು ಮರೆತರೆ ಕಾಯ್ದೆಯ ಕಣ್ಣಲ್ಲಿ ನೀವು ರಿಟರ್ನ್ ಹಾಕಿಯೇ ಇಲ್ಲ. ಅದಕ್ಕಿರುವುದು 30 ದಿನ. ಆಧಾರ್ ಒಟಿಪಿಯಲ್ಲಿ ಅರ್ಧ ನಿಮಿಷದ ಕೆಲಸ. ಎಲ್ಲ ಸರಿ ತುಂಬಿ ಇಲ್ಲಿ ಎಡವಿದವರನ್ನು ನಾನೇ ಎಷ್ಟೋ ಜನರನ್ನು ನೋಡಿದ್ದೇನೆ.

ಇನ್ನು ಉಳಿದದ್ದು ದಂಡ. ನಿಜವಾಗಿ ಶಿಕ್ಷೆ ಅನ್ನಬಹುದಾದದ್ದು ಇದೊಂದೇ. ಇದು ತಾನಾಗಿ ಬೀಳುವುದಿಲ್ಲ. ಅದಕ್ಕೆ ಒಬ್ಬ ಅಧಿಕಾರಿ ಬೇಕು, ನೋಟಿಸ್ ಬೇಕು, ನಿಮ್ಮ ಉತ್ತರ ಕೇಳಬೇಕು, ಕಾರಣ ಬರೆದು ಆದೇಶ ಹೊರಡಿಸಬೇಕು.

ಬೆಂಗಳೂರಿನಿಂದ ಬರುವ ಆ ಮೇಲ್

ದೇಶದ ಯಾವ ಮೂಲೆಯಲ್ಲಿ ಕೂತು ಇ-ರಿಟರ್ನ್ ಹಾಕಿದರೂ ಅದನ್ನು ನೋಡುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಎಲ್ಲರ ಬಾಯಲ್ಲಿ ಸಿಪಿಸಿ. ನೋಡುವುದು ಅಂದರೆ ಮನುಷ್ಯರಲ್ಲ, ಕಂಪ್ಯೂಟರ್. ಕೂಡಿಸುವುದರಲ್ಲಿ ತಪ್ಪಿದೆಯಾ, ಟಿಡಿಎಸ್ ಸರಿ ಇದೆಯಾ, ಮಿತಿ ಮೀರಿ ಕಡಿತ ಕೇಳಿದ್ದೀರಾ ಅಂತ ತಾಳೆ ನೋಡಿ ಸೆಕ್ಷನ್ 143(1) ಅಡಿಯಲ್ಲಿ ಒಂದು ಇಂಟಿಮೇಷನ್ ಕಳಿಸುತ್ತದೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಸಣ್ಣಕ್ಷರದಲ್ಲಿ ನಿಮ್ಮ ಪ್ಯಾನ್, ಅದರ ಹಿಂದೆಯೇ ಹುಟ್ಟಿದ ತಾರೀಖು, ತಿಂಗಳು, ವರ್ಷ. ತೆರೆದರೆ ಎರಡು ಕಾಲಂ. ಎಡಗಡೆ ನೀವು ಕೊಟ್ಟ ಅಂಕಿ, ಬಲಗಡೆ ಅವರು ಹಾಕಿದ ಲೆಕ್ಕ. ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತಾ ಹೋಗಿ. ಎಲ್ಲಿ ಎರಡೂ ಬೇರೆಯಾಗುತ್ತವೋ ತಪ್ಪು ಇರುವುದು ಅಲ್ಲಿ. ಅದು ನಿಮ್ಮದೂ ಆಗಿರಬಹುದು, ಅವರದೂ ಆಗಿರಬಹುದು.

ಇದು ಪೆನಾಲ್ಟಿ ನೋಟಿಸ್ ಅಲ್ಲ. ನಿಮ್ಮ ಆದಾಯಕ್ಕೆ ಏನಾದರೂ ಸೇರಿಸುವ ಮೊದಲು ಸಿಪಿಸಿ ಕೇಳಲೇಬೇಕು. ಉತ್ತರಿಸಲು 30 ದಿನ ಇರುತ್ತದೆ. ಅವರು ಹೇಳಿದ್ದು ಸರಿ ಇದ್ದರೆ ಒಪ್ಪಿ ಕಟ್ಟುವುದು, ಸರಿ ಇಲ್ಲದಿದ್ದರೆ ಒಪ್ಪಲ್ಲ ಅಂತ ಕಾರಣ ಸಹಿತ ಹೇಳುವುದು. ಆದೇಶ ಬಂದ ಮೇಲೂ ಕಣ್ಣಿಗೆ ಕಾಣುವ ತಪ್ಪಿದ್ದರೆ ಸೆಕ್ಷನ್ 154ರಲ್ಲಿ ತಿದ್ದುಪಡಿ ಕೇಳಬಹುದು. ಆ ಆದೇಶ ಬಂದ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷದ ತನಕ ಅವಕಾಶ ಇದೆ.

ಜನಕ್ಕೆ ಗೊತ್ತಿಲ್ಲದ ಒಂದು ಮುಖ್ಯ ಅಂಶ ಇಲ್ಲಿದೆ. ‘ಕಡಿಮೆ ತೋರಿಸಿದ ಆದಾಯ’ಕ್ಕೆ ದಂಡ ಲೆಕ್ಕ ಹಾಕುವಾಗ ಹೋಲಿಸುವುದು ನೀವು ಮೊದಲು ತುಂಬಿದ ಅಂಕಿಯನ್ನಲ್ಲ. 143(1)ರಲ್ಲಿ ಸಿಪಿಸಿ ತಿದ್ದಿ ನಿಗದಿ ಮಾಡಿದ ಆದಾಯವನ್ನು. ಅಂದರೆ ಕೂಡಿಸುವಾಗ ತಪ್ಪಿ, ಸಿಪಿಸಿಯೇ ಅದನ್ನು ಸರಿ ಮಾಡಿದರೆ ಅಷ್ಟಕ್ಕೆ ಈ ದಂಡ ಹತ್ತುವುದೇ ಇಲ್ಲ. ತೆರಿಗೆ, ಬಡ್ಡಿ ಕಟ್ಟಿದರೆ ಆಯಿತು.

ಇನ್ನೊಂದು ಬಗೆಯ ಮೇಲ್ ‘ಡಿಫೆಕ್ಟಿವ್ ರಿಟರ್ನ್’ ಅಂತ ಬರುತ್ತದೆ. ತಪ್ಪು ಫಾರಂ ತುಂಬಿದಾಗ, ಬೇಕಾದ ವಿವರ ಬಿಟ್ಟಾಗ ಹೀಗಾಗುತ್ತದೆ. ಸರಿಪಡಿಸಲು 15 ದಿನ. ಬಿಟ್ಟರೆ ರಿಟರ್ನ್ ಹಾಕಿಯೇ ಇಲ್ಲ ಅನ್ನುವ ಲೆಕ್ಕಕ್ಕೆ ಹೋಗುತ್ತದೆ. ಮಲೆನಾಡಿನ ಕಡೆ ನಮ್ಮವರು ಫಾರಂ ಆರಿಸುವುದರಲ್ಲಿ ತುಂಬ ಎಡವುತ್ತಾರೆ. ಮೇಷ್ಟ್ರ ಕೆಲಸ, ಜೊತೆಗೆ ಎರಡೆಕರೆ ಅಡಿಕೆ ತೋಟ ಅಂದುಕೊಳ್ಳಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅದನ್ನು ಬಿಟ್ಟು ಐಟಿಆರ್-1 (ಎಲ್ಲಕ್ಕಿಂತ ಸರಳವಾದ ರಿಟರ್ನ್ ಫಾರಂ) ಹಾಕುತ್ತಾರೆ. ಆದರೆ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಬಳಸುವಂತಿಲ್ಲ. ಉಳಿದ ಆದಾಯಕ್ಕೆ ಎಷ್ಟು ದರ ಅಂತ ನಿರ್ಧರಿಸುವಾಗ ಆ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿಯದ್ದು ಇನ್ನೊಂದು ಬಗೆ. ಬೆಳೆದು, ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಲಾಭದಲ್ಲಿ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿಯೂ ಮಾರಿದರೆ ಶೇ 40. ‘ತೋಟದ್ದು ತಾನೆ’ ಅಂತ ಪೂರ್ತಿ ಕೃಷಿಗೆ ಹಾಕುವುದು ಪ್ರಾಮಾಣಿಕ ತಪ್ಪೇ, ಆದರೆ ತಪ್ಪು.

ಶೇ 50 ಯಾರಿಗೆ, ಶೇ 200 ಯಾರಿಗೆ

2016ರ ಹಣಕಾಸು ಕಾಯ್ದೆ ಸೆಕ್ಷನ್ 270ಎ ತಂದಿತು. 2017ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಅದಕ್ಕೂ ಮುಂಚೆ 271(1)(ಸಿ) ಅಂತ ಇತ್ತು. ತಪ್ಪಿಸಲು ನೋಡಿದ ತೆರಿಗೆಯ ಶೇ 100ರಿಂದ ಶೇ 300ರ ತನಕ ಎಷ್ಟು ಬೇಕಾದರೂ ದಂಡ ಹಾಕಬಹುದಿತ್ತು. ಎಷ್ಟು ಅನ್ನುವುದು ಅಧಿಕಾರಿಯ ಕೈಯಲ್ಲಿತ್ತು. 270ಎ ಅದನ್ನು ಎರಡು ಮೆಟ್ಟಿಲು ಮಾಡಿತು. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ಆದಾಯದ ತೆರಿಗೆಯ ಶೇ 50. ಆದಾಯವನ್ನು ತಪ್ಪಾಗಿ ತೋರಿಸಿದ್ದಕ್ಕೆ, ಅಂದರೆ ಮುಚ್ಚಿಟ್ಟು, ಸುಳ್ಳು ಹೇಳಿ ತೋರಿಸಿದ್ದಕ್ಕೆ ಶೇ 200.

ನನ್ನ ತಮ್ಮನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಅವನು ಬಿಟ್ಟ ಆದಾಯ 5.40 ಲಕ್ಷ. ಅದರಿಂದ ಹೆಚ್ಚಾಗುವ ತೆರಿಗೆ ಪೂರ್ತಿ 71,500, ಯಾಕೆಂದರೆ ಮೊದಲಿನ ಲೆಕ್ಕದಲ್ಲಿ ತೆರಿಗೆ ಸೊನ್ನೆ ಇತ್ತು. ಹಳೇ ಕಂಪನಿ ಕಟ್ಟಿದ ಟಿಡಿಎಸ್ ಅನ್ನು ಇಲ್ಲಿ ಕಳೆಯುವುದಿಲ್ಲ. ಶೇ 50 ಅಂದರೆ 35,750. ಶೇ 200 ಅಂದರೆ 1,43,000. ಇದು ತೆರಿಗೆ, ಬಡ್ಡಿ ಕಟ್ಟುವುದರ ಜೊತೆಗೆ. ಅವನು ನೆಟ್‌ನಲ್ಲಿ ನೋಡಿ ಹೆದರಿದ್ದು ಈ ಕೊನೆಯ ಅಂಕಿಗೆ. ಜೈಲಿನ ಮಾತು ಬರುವುದು ಬೇಕಂತಲೇ ತೆರಿಗೆ ತಪ್ಪಿಸಲು ಹೊರಟಾಗ. ಮರೆತ ಫಾರಂ 16ಕ್ಕೂ ಅದಕ್ಕೂ ಬಹಳ ದೂರ.

ಶೇ 200 ಯಾವಾಗ ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ. ಸಂಗತಿಯನ್ನು ತಿರುಚುವುದು ಅಥವಾ ಅಡಗಿಸುವುದು, ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬರೆಯುವುದು, ಬಂದ ಹಣವನ್ನು ಅಥವಾ ಹೂಡಿಕೆಯನ್ನು ಬರೆಯದೇ ಬಿಡುವುದು, ಹೀಗೆ. ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ ಪ್ರಾಮಾಣಿಕರಿಗೂ ಕುತ್ತು ತರಬಹುದು: ಯಾವ ಪುರಾವೆಯೂ ಇಲ್ಲದೆ ಖರ್ಚು ತೋರಿಸುವುದು. ನೀವು ಖರ್ಚು ಮಾಡಿರುವುದು ನಿಜ, ಆದರೆ ಬಿಲ್ ಕಳೆದುಹೋಗಿದೆ. ಬಾಡಿಗೆ ಕೊಟ್ಟಿದ್ದು ನಿಜ, ಆದರೆ ಕೈಯಲ್ಲೇ ಕೊಟ್ಟಿದ್ದೀರಿ, ರಸೀದಿ ಇಲ್ಲ. ಕೇಳಿದಾಗ ತೋರಿಸಲು ಏನೂ ಇಲ್ಲದಿದ್ದರೆ ನಿಮ್ಮ ಪ್ರಾಮಾಣಿಕತೆ ನಿಮಗೆ ಮಾತ್ರ ಗೊತ್ತಿರುವ ವಿಷಯವಾಗಿಬಿಡುತ್ತದೆ. ನನಗೆ ಈ ಭಾಗ ನೋವು ಕೊಡುತ್ತದೆ. ಸುಳ್ಳು ಹೇಳುವವರು ಎಷ್ಟೋ ಸಲ ಕಾಗದ ಸರಿಯಾಗಿ ಜೋಡಿಸಿಕೊಂಡಿರುತ್ತಾರೆ, ನಿಜ ಹೇಳುವವರು ಕಾಗದ ಇಟ್ಟಿರುವುದಿಲ್ಲ. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡಿ. ವರ್ಷಕ್ಕೆ 1 ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೂಡ ಬೇಕಾಗುತ್ತದೆ.

ಇನ್ನು ಪ್ರಾಮಾಣಿಕ ತಪ್ಪಿನ ರಕ್ಷಣೆ ಎಲ್ಲಿದೆ? ಅದೇ 270ಎ ಒಳಗೆ, ಉಪಸೆಕ್ಷನ್ 6ರಲ್ಲಿ. ನೀವು ಒಂದು ವಿವರಣೆ ಕೊಡಬೇಕು. ಅದು ಒಳ್ಳೆಯ ಮನಸ್ಸಿನದು ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ವಿವರಣೆಗೆ ಬೇಕಾದ ಮುಖ್ಯ ಸಂಗತಿಗಳನ್ನೆಲ್ಲ ನೀವು ಬಿಚ್ಚಿಟ್ಟಿರಬೇಕು. ಈ ಮೂರೂ ಆದರೆ ಆ ಮೊತ್ತ ‘ಕಡಿಮೆ ತೋರಿಸಿದ ಆದಾಯ’ದಿಂದಲೇ ಹೊರಗೆ ಹೋಗುತ್ತದೆ. ದಂಡ ಸೊನ್ನೆ. ಆದರೆ ‘ಗೊತ್ತಿರಲಿಲ್ಲ ಸಾರ್, ಬಿಟ್ಬಿಡಿ’ ಅಂದರೆ ಸಾಲದು. ಹೇಗೆ ತಪ್ಪಾಯಿತು ಅಂತ ತೋರಿಸುವ ಹೊರೆ ನಿಮ್ಮದು.

ಕೋರ್ಟುಗಳು ಏನು ಹೇಳಿವೆ

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2012ರ ಸೆಪ್ಟೆಂಬರ್‌ನ ಒಂದು ಸುಪ್ರೀಂ ಕೋರ್ಟ್ ತೀರ್ಪು. ಕೋರ್ಟ್ ಮೆಟ್ಟಿಲು ಹತ್ತಿದ್ದು ಪ್ರೈಸ್ ವಾಟರ್‌ಹೌಸ್ ಕೂಪರ್ಸ್. ಬೇರೆಯವರಿಗೆ ತೆರಿಗೆ ಸಲಹೆ ಕೊಡುವುದೇ ಅವರ ಕೆಲಸ. ಅವರದೇ ರಿಟರ್ನ್‌ನಲ್ಲಿ ಗ್ರಾಚ್ಯುಟಿಗೆ ಎತ್ತಿಟ್ಟ 23,70,306 ರೂಪಾಯಿಯನ್ನು ಆದಾಯಕ್ಕೆ ಮತ್ತೆ ಸೇರಿಸಬೇಕಿತ್ತು. ಸೇರಿಸಲು ಮರೆತುಹೋಯಿತು. ಆದರೆ ರಿಟರ್ನ್ ಜೊತೆಗೇ ಕೊಟ್ಟ ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಈ ಮೊತ್ತಕ್ಕೆ ಕಡಿತ ಸಿಗುವುದಿಲ್ಲ ಅಂತ ಅವರೇ ಬರೆದಿದ್ದರು. ಒಂದು ಕಾಗದದಲ್ಲಿ ನಿಜ ಇದೆ, ಇನ್ನೊಂದರಲ್ಲಿ ಅದನ್ನು ಎತ್ತಿ ಬರೆಯಲು ಬಿಟ್ಟುಹೋಗಿದೆ. ಮುಚ್ಚಿಡುವವನು ಯಾರಾದರೂ ಹೀಗೆ ಮಾಡುತ್ತಾನಾ? ಕೋರ್ಟ್ ಹಿಡಿದದ್ದು ಇದನ್ನೇ. ಎಚ್ಚರಿಕೆ ಸಾಲಲಿಲ್ಲ ನಿಜ, ಆದರೆ ಇದು ಯಾರಿಗಾದರೂ ಆಗಬಹುದಾದ ಮಾನವ ಸಹಜ ತಪ್ಪು, ಮುಚ್ಚಿಟ್ಟದ್ದಲ್ಲ ಅಂತ ಹೇಳಿ ದಂಡ ತೆಗೆದುಹಾಕಿತು. ಅಷ್ಟು ದೊಡ್ಡ ಸಂಸ್ಥೆಗೇ ಆಗುವ ತಪ್ಪು ಮನೆಯಲ್ಲಿ ಕೂತು ತುಂಬುವ ನಮಗೆ ಆಗುವುದರಲ್ಲಿ ಆಶ್ಚರ್ಯ ಏನಿದೆ?

ಅದಕ್ಕೂ ಮುಂಚೆ 2010ರಲ್ಲಿ ರಿಲಯನ್ಸ್ ಪೆಟ್ರೋಪ್ರಾಡಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆದಿತ್ತು. ಎಲ್ಲ ವಿವರ ಕೊಟ್ಟು ಒಂದು ಕಡಿತ ಕೇಳಿ, ಅದು ಕಾನೂನಿನಲ್ಲಿ ನಿಲ್ಲದಿದ್ದರೆ ಅಷ್ಟಕ್ಕೇ ದಂಡ ಹಾಕಲಾಗದು ಅಂತ.

ನಮ್ಮ ಕರ್ನಾಟಕ ಹೈಕೋರ್ಟ್‌ನ ಪಾಲೂ ಇದರಲ್ಲಿದೆ. ಅದೇ 2012ರ ಡಿಸೆಂಬರ್‌ನಲ್ಲಿ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದ ತೀರ್ಪು ಬಂತು. ಆಗೆಲ್ಲ ದಂಡದ ನೋಟಿಸ್ ಅಂದರೆ ಅಚ್ಚು ಹಾಕಿದ ಒಂದು ಫಾರಂ. ‘ಆದಾಯ ಮುಚ್ಚಿಟ್ಟಿದ್ದೀರಿ’, ‘ತಪ್ಪು ವಿವರ ಕೊಟ್ಟಿದ್ದೀರಿ’ ಅಂತ ಎರಡೂ ಆರೋಪ ಅದರಲ್ಲಿ ಇರುತ್ತಿದ್ದವು. ಬೇಡದ್ದನ್ನು ಹೊಡೆದುಹಾಕದೆ ಹಾಗೇ ಕಳಿಸುವುದು ಮಾಮೂಲಿ. ಯಾವ ಆರೋಪ ಅಂತಲೇ ಹೇಳದಿದ್ದರೆ ಜನ ಉತ್ತರ ಕೊಡುವುದಾದರೂ ಯಾವುದಕ್ಕೆ? ಅಂಥ ನೋಟಿಸ್ ನಿಲ್ಲುವುದಿಲ್ಲ, ಆದಾಯಕ್ಕೆ ಏನೋ ಸೇರಿಸಿದ ಮಾತ್ರಕ್ಕೆ ದಂಡ ತಾನಾಗಿ ಹಿಂದೆ ಬರುವುದೂ ಇಲ್ಲ ಅಂತ ಹೈಕೋರ್ಟ್ ಹೇಳಿತು. ಆಮೇಲೆ ದೇಶದ ಎಷ್ಟೋ ದಂಡದ ಪ್ರಕರಣಗಳಲ್ಲಿ ಈ ತೀರ್ಪನ್ನು ಎತ್ತಿ ಹಿಡಿದು ವಾದ ಮಾಡಿದ್ದಾರೆ. 270ಎ ಬಂದ ಮೇಲೂ, ಕಡಿಮೆ ತೋರಿಸಿದ್ದಾ ಅಥವಾ ತಪ್ಪಾಗಿ ತೋರಿಸಿದ್ದಾ ಅಂತ ನೋಟಿಸ್‌ನಲ್ಲಿ ಸ್ಪಷ್ಟ ಇರಬೇಕು ಅಂತ ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿದೆ. ನಿಮಗೆ ನೋಟಿಸ್ ಬಂದರೆ ಮೊದಲು ಹುಡುಕಬೇಕಾದ ಸಾಲು ಅದೇ. 50ರ ನೋಟಿಸಾ, 200ರ ನೋಟಿಸಾ?

ತಿದ್ದಿಕೊಳ್ಳುವ ಬಾಗಿಲುಗಳು

ಇಲಾಖೆ ಕೇಳುವ ಮೊದಲೇ ನೀವಾಗಿ ತಿದ್ದಿದರೆ ದಂಡದ ಹತ್ತಿರಕ್ಕೂ ಹೋಗಬೇಕಿಲ್ಲ. ಮೊದಲ ಬಾಗಿಲು ಪರಿಷ್ಕೃತ ರಿಟರ್ನ್, ಸೆಕ್ಷನ್ 139(5). 2025-26ರ ಅಸೆಸ್‌ಮೆಂಟ್ ವರ್ಷಕ್ಕೆ, ಅಂದರೆ 2024-25ರಲ್ಲಿ ಗಳಿಸಿದ ಆದಾಯಕ್ಕೆ, ಇದರ ಗಡುವು 2025ರ ಡಿಸೆಂಬರ್ 31 ಇತ್ತು. ಆ ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಇಂಟಿಮೇಷನ್ ಬಂದಿದ್ದರೂ, ರಿಫಂಡ್ ಬ್ಯಾಂಕಿಗೆ ಬಂದಿದ್ದರೂ ತಿದ್ದಬಹುದು. ಪೂರ್ಣ ಅಸೆಸ್‌ಮೆಂಟ್ (ಅಧಿಕಾರಿಯೇ ರಿಟರ್ನ್ ಪರಿಶೀಲಿಸಿ ತೆರಿಗೆ ನಿಗದಿ ಮಾಡುವುದು) ಮುಗಿದಿರಬಾರದು ಅಷ್ಟೇ. ಹೊಸ ರಿಟರ್ನ್ ಹಳೆಯದರ ಜಾಗದಲ್ಲಿ ಕೂರುತ್ತದೆ.

ನನ್ನ ತಮ್ಮ ನವೆಂಬರ್‌ನಲ್ಲಿ ತಿದ್ದಿದ. ಬಾಕಿ ತೆರಿಗೆ 45,110. ಏಪ್ರಿಲ್‌ನಿಂದ ನವೆಂಬರ್ ತನಕ ಎಂಟು ತಿಂಗಳ 234ಬಿ ಬಡ್ಡಿ 3,608. ಕಂತು ತಪ್ಪಿಸಿದ್ದಕ್ಕೆ 234ಸಿ ಬಡ್ಡಿ 2,272. ಒಟ್ಟು ಬಡ್ಡಿ 5,880. ದಂಡ ಇಲ್ಲ. ಜುಲೈನಲ್ಲೇ ಗಮನಿಸಿದ್ದರೆ ಬಡ್ಡಿ ಸುಮಾರು 4 ಸಾವಿರಕ್ಕೆ ಮುಗಿಯುತ್ತಿತ್ತು.

ಆ ಬಾಗಿಲು ಮುಚ್ಚಿದ ಮೇಲೆ ಇನ್ನೊಂದಿದೆ, ಅಪ್‌ಡೇಟೆಡ್ ರಿಟರ್ನ್, ಐಟಿಆರ್-ಯು. 2022ರಲ್ಲಿ ಬಂದಾಗ ಇದಕ್ಕೆ ಎರಡು ವರ್ಷ ಅವಕಾಶ ಇತ್ತು. 2025ರ ಏಪ್ರಿಲ್‌ನಿಂದ ನಾಲ್ಕು ವರ್ಷ ಆಗಿದೆ. ಅಸೆಸ್‌ಮೆಂಟ್ ವರ್ಷ ಮುಗಿದ ಮೊದಲ ಹನ್ನೆರಡು ತಿಂಗಳಲ್ಲಿ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ. ಎರಡನೇ ವರ್ಷ ಶೇ 50, ಮೂರನೇ ವರ್ಷ ಶೇ 60, ನಾಲ್ಕನೇ ವರ್ಷ ಶೇ 70. ನನ್ನ ತಮ್ಮ 2026ರ ಜೂನ್ ತನಕ ಸುಮ್ನಿದ್ದು ಆಮೇಲೆ ಇದನ್ನು ಹಾಕಿದ್ದರೆ ಬಡ್ಡಿ 9 ಸಾವಿರ ದಾಟುತ್ತಿತ್ತು, ಹೆಚ್ಚುವರಿ ಇನ್ನೊಂದು 13,500 ಆಗುತ್ತಿತ್ತು. ಈ ದಾರಿಯಲ್ಲಿ ತೆರಿಗೆ ಹೆಚ್ಚು ಕಟ್ಟಬಹುದೇ ಹೊರತು ರಿಫಂಡ್ ಕೇಳಲು, ತೆರಿಗೆ ಕಡಿಮೆ ಮಾಡಿಕೊಳ್ಳಲು ಆಗುವುದಿಲ್ಲ. ಆ ವರ್ಷದ ಅಸೆಸ್‌ಮೆಂಟ್ ಶುರುವಾಗಿದ್ದರೂ ಈ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ.

ಅಸೆಸ್‌ಮೆಂಟ್ ಆಗಿ ಆದೇಶವೇ ಬಂದರೂ ಒಂದು ಕೊನೆಯ ದಾರಿ ಇದೆ, ಸೆಕ್ಷನ್ 270ಎಎ. ಕೇಳಿದ ತೆರಿಗೆ, ಬಡ್ಡಿ ಗಡುವಿನೊಳಗೆ ಕಟ್ಟಿ, ಮೇಲ್ಮನವಿ ಹೋಗದೆ, ಆದೇಶ ಕೈಸೇರಿದ ತಿಂಗಳು ಮುಗಿದ ಮೇಲೆ ಒಂದು ತಿಂಗಳೊಳಗೆ ಫಾರಂ 68 ಹಾಕಿದರೆ ಶೇ 50ರ ದಂಡದಿಂದ ಬಿಡುಗಡೆ ಸಿಗುತ್ತದೆ. ಶೇ 200ರ ಆರೋಪ ಇದ್ದವರಿಗೆ 2026ರ ಬಜೆಟ್ ತನಕ ಇದು ಸಿಗುತ್ತಿರಲಿಲ್ಲ. ಒಂದು ದಿನ ತಡವಾಗಿ ಈ ಅವಕಾಶ ಕಳೆದುಕೊಳ್ಳುವುದು ನಿಜಕ್ಕೂ ಬೇಸರದ ಸಂಗತಿ.

ಇಲ್ಲಿ ಹೇಳಿದ ಸೆಕ್ಷನ್ ನಂಬರುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅಲ್ಲಿಂದಾಚೆ ಗಳಿಸಿದ ಆದಾಯಕ್ಕೆ ಸೆಕ್ಷನ್ ನಂಬರ್ ಬೇರೆ, ‘ಅಸೆಸ್‌ಮೆಂಟ್ ವರ್ಷ’ ಅನ್ನುವ ಮಾತೂ ಹೋಗಿ ‘ಟ್ಯಾಕ್ಸ್ ವರ್ಷ’ ಆಗಿದೆ. ಗಡುವುಗಳನ್ನು ಆಯಾ ವರ್ಷ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಒಳ್ಳೆಯ ಮನಸ್ಸಿದ್ದರೂ ದುಬಾರಿಯಾಗುವ ಒಂದು ತಪ್ಪು

ಬೆಂಗಳೂರಿನ ಐಟಿಯವರು ಇದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಕಂಪನಿಯ ಮೂಲ ಸಂಸ್ಥೆ ಅಮೆರಿಕದಲ್ಲಿದೆ, ಅದರ ಷೇರು ನಿಮಗೆ ಆರ್‌ಎಸ್‌ಯು ಆಗಿ, ಅಂದರೆ ಕೆಲಸದ ಪ್ರತಿಫಲವಾಗಿ, ಬರುತ್ತದೆ ಅಂದುಕೊಳ್ಳಿ. ಷೇರು ಕೈಸೇರಿದ ದಿನವೇ ಕಂಪನಿ ಅದನ್ನು ಸಂಬಳ ಅಂತ ಹಿಡಿದು ಟಿಡಿಎಸ್ ಕಟ್ಟಿರುತ್ತದೆ. ‘ತೆರಿಗೆ ಕಟ್ಟಾಯ್ತಲ್ವಾ’ ಅಂತ ನೀವು ಐಟಿಆರ್-1 ಹಾಕಿಬಿಡುತ್ತೀರಿ. ಆದರೆ ಆ ಷೇರು ವಿದೇಶಿ ಆಸ್ತಿ. ಇಲ್ಲಿನ ನಿವಾಸಿಯಾಗಿದ್ದರೆ ಐಟಿಆರ್-2 ಅಥವಾ 3ರಲ್ಲಿರುವ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು. ಅದೂ ಹಣಕಾಸು ವರ್ಷದ ಲೆಕ್ಕದಲ್ಲಿ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ.

ತೋರಿಸದಿದ್ದರೆ ಬರುವುದು ಬೇರೆಯೇ ಕಾನೂನು, 2015ರ ಕಪ್ಪುಹಣ ಕಾಯ್ದೆ. ಅದರಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಬಾಕಿ ತೆರಿಗೆ ಒಂದು ರೂಪಾಯಿ ಇಲ್ಲದಿದ್ದರೂ. 2024ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲ ಆಗಿದೆ. ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ದಾಟದಿದ್ದರೆ ಈ ದಂಡ ಇಲ್ಲ. ಆದರೂ ತೋರಿಸುವ ಕರ್ತವ್ಯ ಹೋಗಿಲ್ಲ. ಹತ್ತು ವರ್ಷ ಕೆಲಸ ಮಾಡಿದವರ ಷೇರು 20 ಲಕ್ಷ ದಾಟುವುದು ದೊಡ್ಡ ವಿಷಯವೂ ಅಲ್ಲ. ಪ್ರಾಮಾಣಿಕವಾಗಿ ತೆರಿಗೆ ಕಟ್ಟಿದ ಒಬ್ಬರ ಮೇಲೆ ಒಂದು ಕೋಷ್ಟಕ ತುಂಬದ್ದಕ್ಕೆ 10 ಲಕ್ಷದ ಕತ್ತಿ ತೂಗುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕಾನೂನು ಇರುವುದು ಹಾಗೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಇನ್ನೊಂದು ಗುಂಪಿದೆ. ‘ಜಾಸ್ತಿ ರಿಫಂಡ್ ಕೊಡಿಸ್ತೀನಿ, ಅದರಲ್ಲಿ ಇಷ್ಟು ಪರ್ಸೆಂಟ್ ನನಗೆ’ ಅನ್ನುವ ಏಜೆಂಟರ ಕೈಗೆ ಪಾಸ್‌ವರ್ಡ್ ಕೊಟ್ಟವರು. ಕೊಡದ ರಾಜಕೀಯ ದೇಣಿಗೆ, ಇಲ್ಲದ ಬಾಡಿಗೆ, ತೆಗೆದುಕೊಳ್ಳದ ಸಾಲ ಎಲ್ಲ ಅವರ ರಿಟರ್ನ್‌ನಲ್ಲಿ ಇರುತ್ತದೆ. 2025ರ ಜುಲೈನಲ್ಲಿ ಇಲಾಖೆ ದೇಶದ ಹಲವು ಕಡೆ ಇಂಥ ಮಧ್ಯವರ್ತಿಗಳ ಜಾಗಗಳಲ್ಲಿ ತಪಾಸಣೆ ಮಾಡಿತು. ‘ಅವರೇ ತುಂಬಿದ್ದು, ನನಗೆ ಗೊತ್ತಿಲ್ಲ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಒಟಿಪಿ ಕೊಟ್ಟವರು ನೀವು, ರಿಟರ್ನ್ ನಿಮ್ಮದು.

ನೋಟಿಸ್ ಬಂದರೆ

ಮೊದಲು ಅದು ಅಸಲಿಯಾ ನೋಡಿ. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಅನ್ನುವ ಗುರುತಿನ ನಂಬರ್ ಇರುತ್ತದೆ. ಇ-ಫೈಲಿಂಗ್ ಪೋರ್ಟಲ್‌ಗೆ ನೀವೇ ಹೋಗಿ ಆ ನಂಬರ್ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಆಮೇಲೆ ಅದೇ ಪೋರ್ಟಲ್‌ನಲ್ಲಿ ಎಐಎಸ್ (ನಿಮ್ಮ ಬಗ್ಗೆ ಇಲಾಖೆಯ ಹತ್ತಿರ ಇರುವ ವರ್ಷದ ಮಾಹಿತಿಯ ಪಟ್ಟಿ) ತೆರೆಯಿರಿ. ನಿಮ್ಮ ಸಂಬಳ, ಬಡ್ಡಿ, ಡಿವಿಡೆಂಡ್, ಷೇರು ಮಾರಾಟ ಎಲ್ಲ ಅಲ್ಲಿದೆ. ಅದರಲ್ಲೂ ತಪ್ಪಿರಬಹುದು. ಜಂಟಿ ಖಾತೆಯ ಬಡ್ಡಿ ನಿಮ್ಮ ಹೆಸರಿಗೇ ಬಂದಿರಬಹುದು. ಅಲ್ಲೇ ‘ಇದು ನನ್ನದಲ್ಲ’ ಅಂತ ಫೀಡ್‌ಬ್ಯಾಕ್ ಹಾಕಬಹುದು, ಅದು ದಾಖಲೆಯಾಗಿ ಉಳಿಯುತ್ತದೆ.

ಉತ್ತರ ಬರೆಯುವಾಗ ಕಣ್ಣೀರು ಬೇಡ, ತಾರೀಖು ಬೇಕು. ದಂಡದ ಕೆಲಸವೂ ಈಗ ಹೆಚ್ಚಾಗಿ ಮುಖ ನೋಡದೆ ಆನ್‌ಲೈನ್‌ನಲ್ಲೇ ನಡೆಯುತ್ತದೆ. ನಿಮ್ಮ ಮುಖದಲ್ಲಿರುವ ಪ್ರಾಮಾಣಿಕತೆ ಆ ಅಧಿಕಾರಿಗೆ ಕಾಣುವುದಿಲ್ಲ, ನೀವು ಬರೆದ ಸಾಲು ಮಾತ್ರ ಕಾಣುತ್ತದೆ. ತಮ್ಮನಿಗೆ ಒಂದು ಕರಡು ಬರೆದಿಟ್ಟುಕೊಳ್ಳಲು ಹೇಳಿದ್ದೆ, ಮುಂದೆ ಯಾರಾದರೂ ಕೇಳಿದರೆ ಇರಲಿ ಅಂತ. ಅದು ಹೀಗಿತ್ತು: “ನಾನು ಸೆಪ್ಟೆಂಬರ್ 30, 2024ಕ್ಕೆ ಹಿಂದಿನ ಕೆಲಸ ಬಿಟ್ಟೆ. ಅಂದೇ ನನ್ನ ಆಫೀಸ್ ಇಮೇಲ್ ನಿಂತಿತು. ಆ ಕಂಪನಿಯ ಫಾರಂ 16 ಅದೇ ವಿಳಾಸಕ್ಕೆ ಹೋಗಿದೆ, ನನಗೆ ತಲುಪಿಲ್ಲ. ಆ ಸಂಬಳ ನನ್ನ ಬ್ಯಾಂಕ್ ಖಾತೆಗೇ ಬಂದಿದೆ, ಅದರ ಟಿಡಿಎಸ್ ನನ್ನ ಪ್ಯಾನ್‌ಗೆ ಜಮೆಯಾಗಿದೆ. ವ್ಯತ್ಯಾಸ ತಿಳಿದ ಮೂರನೇ ದಿನ ತೆರಿಗೆ ಮತ್ತು ಬಡ್ಡಿ ಕಟ್ಟಿ ರಿಟರ್ನ್ ಪರಿಷ್ಕರಿಸಿದ್ದೇನೆ.” ಜೊತೆಗೆ ರಿಲೀವಿಂಗ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಚಲನ್.

ಆ ಕರಡು ಬಳಕೆಗೆ ಬರಲಿಲ್ಲ. ಜನವರಿಯಲ್ಲಿ ಅವನಿಗೆ ಸಿಪಿಸಿಯ ಇಂಟಿಮೇಷನ್ ಬಂತು. ಪಾಸ್‌ವರ್ಡ್ ಹಾಕಿ ತೆರೆದು, ಎರಡು ಕಾಲಂಗಳ ಮೇಲೆ ಬೆರಳಿಟ್ಟು ಕೊನೆಯ ಸಾಲಿನ ತನಕ ನೋಡಿ ನನಗೆ ಫೋಟೋ ಕಳಿಸಿದ. ಎಡಗಡೆ 11,25,000, ಬಲಗಡೆಯೂ 11,25,000. ಕಟ್ಟಬೇಕಾದ ಬಾಕಿ ಸೊನ್ನೆ.